ಒಂದು ವರ್ಷ ಭಾರ ಎತ್ತಿದ ಹಿರಿಯರಿಗೆ, ಎತ್ತಲು ನೆರವಾದ ಎಲ್ಲರಿಗೆ

ಕಲಬುರಗಿಯ ನಮ್ಮ ಹಿರಿಯರ ಭಾರ ಎತ್ತುವ ವ್ಯಾಯಾಮ ತರಗತಿಗೆ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಯಾರಿಗೆ, ಯಾತಕ್ಕೆ ಎಂದು ಬಿಡಿಸಿ ಹೇಳದೆ ಧನ್ಯವಾದ ಅಂದುಬಿಟ್ಟರೆ ಅದು ಸಭೆಯ ಕೊನೆಗೆ ಕುರ್ಚಿ ಸರಿಸುವ ಸದ್ದಿನಲ್ಲಿ ಓದುವ ವಂದನಾರ್ಪಣೆ ಆಗುತ್ತದೆ. ಹಾಗಾಗಿ ಫಿಸಿಯೋಥೆರಪಿ ಮತ್ತು ಆಹಾರ ಸಲಹೆಯ ಕೆಲಸ ಮಾಡುವ ನಾವು ಕೆಲವರು ಸೇರಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಮೊದಲ ಶರಣು, "ನಾವ್ ದಿನಾ ಅಪ್ಪನ ಕೆರಿ ಸುತ್ತ ವಾಕಿಂಗ್ ಮಾಡ್ತೀವ್ರಿ, ಮತ್ತ ಇದ್ಯಾಕ್ರಿ?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಬಿಡದೆ ಬಂದವರಿಗೆ. ಪ್ರಶ್ನೆ ನ್ಯಾಯವಾದದ್ದೇ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ದೆಗೆ ಒಳ್ಳೆಯದು, ನಿಲ್ಲಿಸಬೇಡಿ. ಆದರೆ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ಬಹಳ ಹೊತ್ತು ದಣಿಯದೆ ದುಡಿಯುವ ನಿಧಾನದ ಎಳೆಗಳು ಒಂದು, ಥಟ್ಟನೆ ಬಲ ಕೊಡುವ ವೇಗದ ಎಳೆಗಳು ಇನ್ನೊಂದು. ವಯಸ್ಸಾದಂತೆ ಹೆಚ್ಚು ಸೊರಗುವುದು ಎರಡನೆಯವು. ಅವಕ್ಕೆ ಸಂದೇಶ ಒಯ್ಯುವ ನರಗಳೂ ಒಂದಷ್ಟು ನಶಿಸುತ್ತವೆ. ಬಚ್ಚಲಿನ ಒದ್ದೆ ಪರಸಿ ಮೇಲೆ ಕಾಲು ಜಾರಿದಾಗ ಇನ್ನೊಂದು ಹೆಜ್ಜೆ ಊರಿ ಮೈ ಹಿಡಿದುಕೊಳ್ಳಲು ಬೇಕಾಗುವುದು ಇವೇ. ಸಮತಟ್ಟು ದಾರಿಯ ಆರಾಮದ ನಡಿಗೆಯಲ್ಲಿ ಇವಕ್ಕೆ ಕೆಲಸ ಕಡಿಮೆ. ಭಾರ ಬಿದ್ದಾಗಲೇ ಇವು ದುಡಿಯುವುದು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಬಲ ಕುಂದುವ ವೇಗವಂತೂ ಗಾತ್ರ ಇಳಿಯುವ ವೇಗಕ್ಕಿಂತ ಹೆಚ್ಚು. ಮೈ ತುಂಬಿಕೊಂಡಿದ್ದರೂ ಬಸ್ಸಿನ ಮೆಟ್ಟಿಲು ಹತ್ತಲಾಗದವರು ಇರುವುದು ಇದಕ್ಕೇ.

ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ಬೇಸರಿಸದೆ ಮಾಡಿದ್ದಕ್ಕೆ ಪ್ರತ್ಯೇಕ ಧನ್ಯವಾದ. ನೋಡುವವರಿಗೆ ಅದು ಏನೂ ಅಲ್ಲ, ಮಾಡಿದವರಿಗೆ ಗೊತ್ತು. ನೆಲದಿಂದ 43–45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿ, ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು. ಪರಸಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಅಂಚಿಗೆ ಬಂದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಕೈ ಎದೆಯ ಮೇಲೆ ಕಟ್ಟಿ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ ಏಳಬೇಕು. "ಏಳಾಕ ಆಗಂಗಿಲ್ಲ" ಅನ್ನುವವರು ಎಷ್ಟೋ ಸಲ ಪಾದ ಮುಂದಿಟ್ಟುಕೊಂಡೇ ಏಳಲು ನೋಡುತ್ತಿರುತ್ತಾರೆ. ಏಳುವಾಗ ಉಸಿರು ಬಿಡಬೇಕು. ಬಿಗಿ ಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ಇಳಿಯುವಾಗ ಮನಸ್ಸಿನಲ್ಲಿ ಮೂರು ಎಣಿಸಬೇಕು. ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವುದು ಆಗಲೇ. ಧಪ್ಪನೆ ಕೂತರೆ ಆ ಅರ್ಧ ವ್ಯಾಯಾಮ ಹೋಯಿತು, ಬೆನ್ನುಮೂಳೆಗೆ ಪೆಟ್ಟು ಬೇರೆ. ಮೊಣಕಾಲು ಒಳಕ್ಕೆ ವಾಲಿದರೆ ಮಡಚಿದ ಕೌದಿ ಹಾಕಿ ಕೂರುವ ಜಾಗ ಎತ್ತರಿಸಿ, ಬಲ ಬಂದ ಮೇಲೆ ತೆಗೆಯಿರಿ. 8ರಿಂದ 12 ಸಲ, ಎರಡು ಸುತ್ತು, ವಾರಕ್ಕೆ ಎರಡು–ಮೂರು ದಿನ, ನಡುವೆ ಒಂದು ದಿನ ಬಿಡುವು. ಹನ್ನೆರಡು ಮುಗಿದ ಮೇಲೂ "ಇನ್ನ ನಾಕು ಹೊಡಿತೀನಿ" ಅನ್ನಿಸಿದರೆ ಭಾರ ಏರಿಸುವ ಹೊತ್ತು ಬಂತು. ತಿಂಗಳುಗಟ್ಟಲೆ ಅದೇ ನೀರಿನ ಬಾಟಲಿ ಎತ್ತುವುದರಲ್ಲಿ ಪ್ರಯೋಜನ ಕಡಿಮೆ.

ಈ ಭಾರ ಏರಿಸುವ ಕೆಲಸವನ್ನು ಅಗ್ಗದಲ್ಲಿ ಸಾಧ್ಯ ಮಾಡಿದವರು ನಮ್ಮ ಟೇಲರ್ ಕಾಕಾ. ಹಳೆಯ ಜೀನ್ಸ್ ಬಟ್ಟೆಯ ಪಟ್ಟಿಗೆ ನಾಲ್ಕು ಜೇಬು, ಒಂದೊಂದಕ್ಕೂ ಅರ್ಧ ಕಿಲೋದ ಮರಳಿನ ಪೊಟ್ಟಣ, ಕಾಲಿಗೆ ಕಟ್ಟಲು ಅಗಲದ ವೆಲ್ಕ್ರೋ. ಒಂದೇ ಪಟ್ಟಿ ಅರ್ಧ ಕಿಲೋದಿಂದ ಎರಡು ಕಿಲೋವರೆಗೆ ಏರುತ್ತದೆ. ಮರಳನ್ನು ತೊಳೆದು ಪೂರ್ತಿ ಒಣಗಿಸಿಯೇ ತುಂಬಬೇಕು. ಹಸಿ ಇದ್ದರೆ ತೂಕ ತಪ್ಪುತ್ತದೆ, ಬೂಷ್ಟು ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಬರಿ ಚರ್ಮದ ಮೇಲೆ ಕಟ್ಟಬೇಡಿ, ಕಾಲುಚೀಲದ ಮೇಲೆ ಕಟ್ಟಿ. ತರಚಿದ್ದು ಅವರಿಗೆ ಗೊತ್ತಾಗುವುದು ತಡ.

ಇನ್ನು ಅಡುಗೆಮನೆ. ಸೊಸೆಯಂದಿರೇ, ಮಗಳಂದಿರೇ, ಅಡುಗೆ ಮಾಡುವ ಒಬ್ಬಿಬ್ಬರು ಗಂಡುಮಕ್ಕಳೇ, ನೀವು ತಾಟು ಬದಲಿಸದಿದ್ದರೆ ನಮ್ಮ ಅರ್ಧ ಶ್ರಮ ವ್ಯರ್ಥವಾಗುತ್ತಿತ್ತು. ವಯಸ್ಸಾದ ಸ್ನಾಯುವಿಗೆ ಸ್ವಲ್ಪ ಪ್ರೋಟೀನ್ ಸಾಲದು. ಯುವಕರಲ್ಲಿ ಸ್ನಾಯು ಕಟ್ಟುವ ಕೆಲಸ ಶುರು ಮಾಡುವಷ್ಟು ಪ್ರಮಾಣಕ್ಕೆ ಇವರ ಸ್ನಾಯು ಓಗೊಡುವುದಿಲ್ಲ. ಅದಕ್ಕೇ ದಿನಕ್ಕೆ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ, ಅಂದರೆ 60 ಕಿಲೋದವರಿಗೆ 60–72 ಗ್ರಾಂ, ಒಂದೇ ಊಟಕ್ಕೆ ಸುರಿಯದೆ ಮೂರು ಹೊತ್ತಿಗೆ ಹಂಚಿ. ನಮ್ಮ ಕಡೆ ಕೊರತೆ ಬೀಳುವುದು ಬೆಳಗಿನ ಹೊತ್ತು: ಸುಸಲಾ, ಚಹಾ, ಮುಗೀತು. ಅದರ ಜೊತೆ ಎರಡು ತತ್ತಿ (12 ಗ್ರಾಂ), ತತ್ತಿ ತಿನ್ನದವರಿಗೆ 50 ಗ್ರಾಂ ಹೆಸರುಕಾಳಿನ ಉಸುಳಿ (ಹತ್ತಿರಹತ್ತಿರ ಅಷ್ಟೇ), ಮೇಲೊಂದು ಲೋಟ ಹಾಲು. ಮಧ್ಯಾಹ್ನ ಎರಡು ಜೋಳದ ರೊಟ್ಟಿಗೆ ನೂರು ಗ್ರಾಂ ಹಿಟ್ಟಾದರೆ 10 ಗ್ರಾಂ, 40 ಗ್ರಾಂ ತೊಗರಿಬೇಳೆಯ ಗಟ್ಟಿ ಪಪ್ಪಿನಿಂದ 8–9, ಒಂದು ಬಟ್ಟಲು ಮೊಸರು, ಎರಡು ಚಮಚ ಶೇಂಗಾ ಹಿಂಡಿ; ಎಲ್ಲ ಕೂಡಿ 28ರ ಆಸುಪಾಸು. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ತೊಗರಿಯಲ್ಲಿ ಅದು ಸಾಕಷ್ಟಿದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ರೊಟ್ಟಿಯ ಪಕ್ಕ ಕೂರುವುದಕ್ಕೆ ರುಚಿ ಒಂದೇ ಕಾರಣವಲ್ಲ. ರಾತ್ರಿಗೆ ಝುಣಕ ಸಾಕು, 40 ಗ್ರಾಂ ಕಡ್ಲಿಹಿಟ್ಟು ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕ ಹಿಡಿಯಬೇಡಿ, ನಿಮ್ಮ ಡಾಕ್ಟರು ಹೇಳಿದ್ದೇ ಅಳತೆ.

ಹಾಗೆಂದು ತಿನ್ನುವುದರಿಂದಲೇ ಬಲ ಬರುವುದಿಲ್ಲ. 1994ರಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ವೃದ್ಧಾಶ್ರಮವೊಂದರ ನೂರು ಜನರಲ್ಲಿ ಇದನ್ನು ತೋರಿಸಿದರು. ಸರಾಸರಿ ವಯಸ್ಸು 87. ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟಿಗೂ ಮೇಲಾಯಿತು. ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಡಬ್ಬದ ಪೌಡರಿಗೆ ದುಡ್ಡು ಸುರಿಯುವ ಮಕ್ಕಳು ಇದನ್ನು ಎರಡು ಸಲ ಓದಲಿ.

ಜ್ವರ, ಆಪರೇಷನ್, ಮುರಿದ ಮೂಳೆಯ ನಂತರ ಮತ್ತೆ ತರಗತಿಗೆ ಬಂದವರಿಗೆ ತಲೆಬಾಗುತ್ತೇವೆ. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ 2007ರ ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಕಾಯಿಲೆ ಇದ್ದರೆ ಉರಿಯೂತವೂ ಸೇರಿ ಸ್ನಾಯುವನ್ನು ಒಡೆಯುತ್ತದೆ, ಹಸಿವೂ ಸಾಯುತ್ತದೆ. ಅಂಥ ಹೊತ್ತಿಗೆ ವಾರಗಟ್ಟಲೆ ಗಂಜಿ, ಬೇಳೆ ಕಟ್ಟು ಕೊಡುವುದು ಪ್ರೀತಿಯಿಂದ ನಡೆಯುವ ತಪ್ಪು. ಪ್ರೋಟೀನ್ ಉಳಿಯುವುದು ಬೇಳೆಯಲ್ಲಿ, ಬಸಿದ ನೀರಿನಲ್ಲಲ್ಲ. ಬೇಳೆಯನ್ನೇ ನುಣ್ಣಗೆ ಕಡೆದು ಕೊಡಿ. ಮಲಗಿದಲ್ಲೇ ಹಿಮ್ಮಡಿ ಒತ್ತಿ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡುವುದನ್ನು, ಪಾದ ಮೇಲೆ ಕೆಳಗೆ ಆಡಿಸುವುದನ್ನು ತಾಸಿಗೊಮ್ಮೆ ಮಾಡಿಸಿ. ಡಾಕ್ಟರು ಒಪ್ಪಿದ ದಿನವೇ ಕೂರಿಸಿ, ನಿಲ್ಲಿಸಿ.

ಮಾತ್ರೆಗಳ ಪಟ್ಟಿ ಬರೆದು ಕಳಿಸಿದ ಡಾಕ್ಟರುಗಳಿಗೂ ನಮ್ಮ ವಂದನೆ. ಬಹುಕಾಲ ಸ್ಟೀರಾಯ್ಡ್ ನುಂಗಿದವರಲ್ಲಿ ತೊಡೆ, ಭುಜ ಸೋಲುತ್ತವೆ. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಡಿ ಜೀವಸತ್ವದ ಕೊರತೆ, ಥೈರಾಯ್ಡ್ ಕೂಡ ಹೀಗೇ ಕಾಡುತ್ತವೆ. ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಒಳ್ಳೆಯದೇ, ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬಂದರೆ ಸಕ್ಕರೆ ತೀರ ಇಳಿದು ತಲೆಸುತ್ತಿ ಬೀಳುತ್ತೀರಿ.

ವ್ಯಾಯಾಮದ ಮರುದಿನ, ಮೂರನೇ ದಿನ ಮೈ ನೋಯುವುದು ಸಹಜ. ಕೀಲು ಊದಿದರೆ, ಎದೆ ನೋವು ಬಂದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ನಮ್ಮನ್ನು ಕೇಳುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಟೇಪು, ಮೊಬೈಲ್ ಗಡಿಯಾರ ಹಿಡಿದು ಅಳತೆ ಬರೆದುಕೊಂಡ ಕಾಲೇಜು ಹುಡುಗ ಹುಡುಗಿಯರಿಗೆ ಥ್ಯಾಂಕ್ಸ್. ಸ್ನಾಯು ಸೊರಗಿದೆಯೇ ಎಂದು ನೋಡಲು ಏಷ್ಯಾದವರಿಗೆಂದು 2019ರಲ್ಲಿ ನಿಗದಿಯಾದ ಗಡಿಗಳನ್ನೇ ಅವರು ಬಳಸಿದರು: ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ, ಇಲ್ಲವೇ ಕುರ್ಚಿಯಿಂದ ಐದು ಸಲ ಏಳಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಮುಂದಿನ ಪರೀಕ್ಷೆ ಬೇಕು. ಕಾಲು ಬಾತಿದ್ದರೆ ಟೇಪು ಸುಳ್ಳು ಹೇಳುತ್ತದೆ, ಆಗ ಗಡಿಯಾರವನ್ನೇ ನಂಬಬೇಕು.

ಬ್ಯಾಸಗಿ ಮುಗಿಯುವ ತನಕ ತರಗತಿ ಬೆಳಿಗ್ಗೆ ಆರಕ್ಕೆ. ನೀರಿನ ಬಾಟಲಿ ತನ್ನಿ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರು ಅಳತೆ ಮಾಡಿ ಕುಡಿಯುವವರು ಡಾಕ್ಟರನ್ನು ಕೇಳಿಕೊಂಡು ಬನ್ನಿ. ಬರುವ ಸೋಮವಾರ ಎಲ್ಲರ ಅಳತೆ ಮತ್ತೆ ಇದೆ, ಮಾತ್ರೆ ಚೀಟಿ ಮರೆಯಬೇಡಿ.