62 ಬಂದದ್ದಕ್ಕ ಇಷ್ಟ್ಯಾಕ ಅಳು?

ವಿಜಯಪುರ

ಚಿ. ಸೊಸಿಗೆ ಅತ್ತಿಯ ಆಶೀರ್ವಾದಗಳು.

ನಿಮ್ಮಪ್ಪ ಫೋನ್ ಮಾಡಿದ್ದ. ಬಿ.ಎಸ್ಸಿ. ನರ್ಸಿಂಗ್ ಐದನೇ ಸೆಮಿಸ್ಟರ್‌ದಾಗ ಶೇ 62 ಬಂತಂತ ನೀ ಹಾಸ್ಟೆಲ್‌ದಾಗ ಊಟ ಬಿಟ್ಟು ಕುಂತೀಯಂತ. ಮೊದಲ ಊಟ ಮಾಡವ್ವಾ. ಹಸದ ಹೊಟ್ಟಿಲೆ ವಾರ್ಡಿನ್ಯಾಗ ನಿಂತರ ಪೇಶಂಟ್‌ಗಿಂತ ಮೊದಲ ನೀನ ಬೀಳ್ತಿ.

ಮಾರ್ಕ್ಸ್ ಎಲ್ಲೆ ಕೇಳ್ತಾರ, ಎಲ್ಲೆ ಕೇಳೂದಿಲ್ಲ, ಇಷ್ಟು ತಿಳಕೋ. ರಾಷ್ಟ್ರೀಯ ಆರೋಗ್ಯ ಅಭಿಯಾನದಾಗ ಜಿಲ್ಲಾ ಮಟ್ಟದ ಗುತ್ತಿಗಿ ನೌಕರಿ ಕರೀತಾರಲ್ಲ, ಅಲ್ಲೆ ಬಹಳ ಸಲ ಮಾರ್ಕ್ಸ್ ಮತ್ತ ಮೀಸಲಾತಿ ರೋಸ್ಟರ್ ನೋಡೇ ಪಟ್ಟಿ ಮಾಡ್ತಾರ. ಅಂಥಲ್ಲೆ 62ಕ್ಕೂ 78ಕ್ಕೂ ಖರೇನ ಫರಕ್ ಅದ, ಮುಚ್ಚಿಟ್ಟು ಏನ್ ಮಾಡ್ಲಿ. ಆದರ ನರ್ಸಿಂಗ್ ಆಫೀಸರ್ ನೌಕರಿಗೆ ಏಮ್ಸ್ ನಡಸೂ ನಾರ್ಸೆಟ್ ಪರೀಕ್ಷೆದಾಗ ನಿನ್ನ ಶೇಕಡಾವಾರು ಯಾರೂ ಎಣಸೂದಿಲ್ಲ. ಬಿ.ಎಸ್ಸಿ. ಪಾಸಾಗಿ ನರ್ಸಿಂಗ್ ಕೌನ್ಸಿಲ್‌ದಾಗ ನೋಂದಣಿ ಆಗಿರಬೇಕು, ಅಷ್ಟ. ಜಿ.ಎನ್.ಎಂ. ಅಂದ್ರ ನರ್ಸಿಂಗ್ ಡಿಪ್ಲೊಮಾ ಮಾಡಿದವರಿಗೆ 50 ಹಾಸಿಗಿ ಆಸ್ಪತ್ರೆಯೊಳಗ 2 ವರ್ಷದ ಅನುಭವ ಬೇಕು. ನಿನಗ ಅದೂ ಬ್ಯಾಡ. ಆ ಪರೀಕ್ಷೆದಾಗ ತಪ್ಪು ಉತ್ತರಕ್ಕ ಮೂರನೇ ಒಂದು ಅಂಕ ಕಡೀತಾರ, ಅದಕ್ಕ ತಯಾರಾಗು.

ಖಾಸಗಿ ಆಸ್ಪತ್ರೆ ಸಂದರ್ಶನದಾಗ ನಾನೂ ಮೇಜಿನ ಈ ಕಡೆ ಕುಂತಾಕಿ. ಮಾರ್ಕ್ಸ್ ಕಾರ್ಡ್ ಮ್ಯಾಲೆ ಕಣ್ಣಾಡಿಸ್ತಿದ್ವಿ, ಮುಂದ ಸೀದಾ ಕೇಳ್ತಿದ್ವಿ: 500 ಎಂ.ಎಲ್. ಸಲೈನ್ 4 ತಾಸಿನ್ಯಾಗ ಹೋಗಬೇಕು, ಎಂ.ಎಲ್.ಗೆ 20 ಹನಿ ಬೀಳೂ ಸೆಟ್, ನಿಮಿಷಕ್ಕ ಎಷ್ಟು ಹನಿ ಬಿಡ್ತಿ? ಸುಮಾರು 42. ಪೊಟ್ಯಾಸಿಯಂ ಕ್ಲೋರೈಡ್ ಡೈಲ್ಯೂಟ್ ಮಾಡಲಾರದ ಐ.ವಿ. ಪುಶ್, ಅಂದ್ರ ಸೀದಾ ರಕ್ತನಾಳಕ್ಕ ಒಮ್ಮೆಲೆ, ಯಾಕ ಕೊಡಬಾರದು? ಹೃದಯ ನಿಂತ ಹೋಗ್ತದ. ಡಿಸ್ಟಿಂಕ್ಷನ್ ಬಂದ ಹುಡಿಗ್ಯಾರು ಇಷ್ಟಕ್ಕ ಮ್ಯಾಲಿನ ಫ್ಯಾನ್ ನೋಡ್ತಿದ್ರು. ಎರಡನೇ ದರ್ಜೆಯಾಕಿ ಬೆರಳ ಮಡಚಿ ಲೆಕ್ಕಾ ಹಾಕಿ ಹೇಳಿದ್ಲು, ಆಕಿನ್ನ ಐಸಿಯುಗೆ ತಗೊಂಡ್ವಿ.

ಹಂಗಂತ ನಿನ್ನ ಮಾರ್ಕ್ಸ್ ನೋಡಿ ನಾ ನಿಶ್ಚಿಂತಿ ಇಲ್ಲ. ಒಟ್ಟು 62ರ ಮಾತು ಬಿಡು. ಫೋರೆನ್ಸಿಕ್‌ದಾಗ ಕಡಿಮಿ ಬಂದ್ರ ಬರ್ಲಿ. ಚೈಲ್ಡ್ ಹೆಲ್ತ್‌ದಾಗ 53 ಅಂತಲ್ಲ, ಅದು ನನಗ ಚುಚ್ಚತದ. ಕೂಸಿನ ಡೋಸ್ ತೂಕದ ಮ್ಯಾಲೆ ಹಾಕೂದು. ದಶಮಾಂಶದ ಚುಕ್ಕಿ ಒಂದು ಮನಿ ಸರದ್ರ ಔಷಧ ಹತ್ತು ಪಟ್ಟು ಆಗ್ತದ. ನವನಗರದಾಗ ಮಕ್ಕಳ ವಾರ್ಡಿಗೆ ಪೋಸ್ಟಿಂಗ್ ಬಿದ್ದಾಗ ಮೊಬೈಲ್ ಚೀಲದಾಗ ಇಟ್ಟು, ಸಿಸ್ಟರ್ ಹಿಂದಿಂದ ನಿಂತು ಒಂದೊಂದು ಡೋಸೂ ನೀನ ಲೆಕ್ಕಾ ಮಾಡಿ ಆಕಿಗೆ ತೋರಸು. ಬೈದ್ರೂ ತೋರಸು.

ಥಿಯರಿ, ಪ್ರಾಕ್ಟಿಕಲ್ ಎರಡರಾಗೂ ಬ್ಯಾರೆಬ್ಯಾರೆ 50 ದಾಟಬೇಕು ಅನ್ನೂದು ನೆನಪಿರಲಿ. ಅಂಜೂದಿದ್ರ ಬ್ಯಾಕ್‌ಲಾಗ್‌ಗೆ ಅಂಜು. ಒಂದು ವಿಷಯ ಉಳೀತಂದ್ರ ನೋಂದಣಿ ತಡಾ, ಅರ್ಜಿ ಹಾಕೂ ತಾರೀಕು ಕಣ್ಣೆದುರಿಗೇ ದಾಟಿ ಹೋಗ್ತದ.

ಇನ್ನೊಂದು. ಹತ್ತನೇತ್ತಾ ಮಾರ್ಕ್ಸ್ ಕಾರ್ಡಿನ್ಯಾಗ ನಿನ್ನ ಅಡ್ಡಹೆಸರಿಲ್ಲ, ಆಧಾರ್‌ದಾಗ ನಿಮ್ಮಪ್ಪ ಉದ್ದಕ ಬರೆಸ್ಯಾನ. ನೋಂದಣಿ ಹೊತ್ತಿನ್ಯಾಗ ಒದ್ದಾಡೂದು ಬ್ಯಾಡ. ದೀಪಾವಳಿ ಸೂಟಿಗೆ ಬಂದಾಗ ಅದನ್ನ ತಿದ್ದಿಸಿಕೊಂಡ ಹೋಗು.

ನಿನ್ನ ಅತ್ತಿ