ಕೋರೆಯ ಗುಹೆಗೆ ಮಣ್ಣು ಸುರಿಯುವ ಮೊದಲು

ಮಾನ್ಯ ಸಂಪಾದಕರೇ,

ಕಾಸರಗೋಡಿನ ಗುಡ್ಡೆಗಳಲ್ಲಿ ಕೆಂಪುಕಲ್ಲು (ಮುರಕಲ್ಲು) ತೆಗೆದು ಬಿಟ್ಟ ಕೋರೆಗಳಿಗೆ ಕಟ್ಟಡದ ಹುಡಿ, ಮಣ್ಣು ತುಂಬಿ ಸೈಟು ಮಾಡುವಾಗ ಗೋಡೆಯಲ್ಲಿ ಕಾಣುವ ಗುಹೆಗಳೂ ಮುಚ್ಚಿಹೋಗುತ್ತಿವೆ. ಅನಂತಪುರ ದೇವಸ್ಥಾನದ ಕೆರೆಯ ಮೂಲೆಯ ಗುಹೆ ತಿರುವನಂತಪುರಕ್ಕೆ ದಾರಿ, ವಿಲ್ವಮಂಗಲ ಸ್ವಾಮಿ ಎಡಗೈಯಲ್ಲಿ ತಳ್ಳಿದ ಬಾಲಕರೂಪದ ದೇವರು ಮಾಯವಾದದ್ದು ಅದರೊಳಗೆ ಎಂಬ ಕತೆ ಎಲ್ಲರಿಗೂ ಗೊತ್ತು. ಕೋರೆಯ ಗುಹೆಗಳಿಗೆ ಮಾತ್ರ ‘ಸುರಂಗ’ ಎಂಬ ಒಂದೇ ಹೆಸರು. ಅವು ಒಂದೇ ಜಾತಿಯವಲ್ಲ.

ನೀರಿಗಾಗಿ ಕೊರೆದ ಸುರಂಗ ಇಳಿಜಾರಿನಿಂದ ಒಳಹೋಗುತ್ತದೆ. ಒಬ್ಬ ನುಸುಳುವಷ್ಟೇ ಅಗಲ, ಗೋಡೆಯಲ್ಲಿ ಪಿಕಾಸಿನ ಗೀರು, ನೀರು ತಾನಾಗಿ ಹರಿಯಲು ಬಾಯಿಯ ಕಡೆಗೆ ನೆಲ ತುಸು ತಗ್ಗು. ಕೆಳಗಿನ ಮನೆಯವರನ್ನು ಕೇಳದೆ ಇದನ್ನು ಮುಚ್ಚಿದರೆ ಅವರ ತೋಟದ ನೀರು ನಿಂತಂತೆ.

‘ಮುನಿಯರ’ (ಮುನಿಯ ಕೋಣೆ) ಎನ್ನುವುದು ಬೇರೆಯೇ. ಗಟ್ಟಿ ಮುರಕಲ್ಲಿನಲ್ಲಿ, ಬೋರಲು ಹಾಕಿದ ಮಡಕೆಯಂಥ ಚಾವಣಿ, ಹಲವೆಡೆ ನೆತ್ತಿಯಲ್ಲಿ ಉರುಟು ಕಿಂಡಿ, ಬದಿಯಲ್ಲಿ ತೆವಳಿ ಹೋಗುವಷ್ಟು ಬಾಗಿಲು. ಮುನಿಗಳು ತಪಸ್ಸು ಮಾಡಿದ್ದು, ಪಾಂಡವರು ಅಡಗಿದ್ದು ಇಲ್ಲಿ ಎನ್ನುತ್ತಾರೆ. ನಿಜಕ್ಕೆ ಇವು ಕಬ್ಬಿಣ ಯುಗದ ಜನರ ಶವಸಂಸ್ಕಾರದ ಗುಹೆಗಳು. ಜಿಲ್ಲೆಯ ಉಮಿಚ್ಚಿಪೊಯಿಲ್‌ನಲ್ಲೂ ಇಂಥವು ಇವೆ. ಹಾಗೆಂದು ಮುನಿಯ ಕತೆಯನ್ನು ಗೇಲಿ ಮಾಡಬೇಕಿಲ್ಲ. ಕೈಯಲ್ಲಿ ಕಲ್ಲು ಕಡಿಯುತ್ತಿದ್ದ ಕಾಲದಲ್ಲಿ ಆ ಹೆದರಿಕೆಯೇ ಎಷ್ಟೋ ಗುಹೆಗಳನ್ನು ಉಳಿಸಿರಬೇಕು. ಮೆಷಿನಿಗೆ ಮುನಿಯ ಹೆದರಿಕೆ ಎಲ್ಲಿಂದ ಬರಬೇಕು? ಇಂಥದ್ದು ಕಂಡರೆ ಮಣ್ಣು ಕೆದಕಬಾರದು, ಮಡಕೆ ಸಿಕ್ಕಿದರೆ ತೊಳೆಯಲೇಬಾರದು. ಮೂಳೆಯ ಚೂರು, ಕಾಳಿನ ಕುರುಹು ಉಳಿದಿರುವುದು ಮಡಕೆಯೊಳಗಿನ ಆ ಮಣ್ಣಿನಲ್ಲೇ. ಬಾಯಿಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಪಂಚಾಯತಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು.

ಮೂರನೆಯದು ಯಾರೂ ಕೊರೆಯದ ಬಿಲ. ಮೇಲಿನ ಮುರಕಲ್ಲು ಗಟ್ಟಿ, ಅಡಿಯ ಜೇಡಿ ಮೆದು. ಇಂಗಿದ ಮಳೆನೀರು ಜೇಡಿಯನ್ನು ಕೊಚ್ಚಿ ಒಳಗೊಳಗೇ ಕೊಳವೆ ಮಾಡುತ್ತದೆ. ಗೋಡೆಯಲ್ಲಿ ಗೀರಿಲ್ಲ, ದಾರಿ ಅಂಕುಡೊಂಕು. ಅದಕ್ಕೆ ಬರೀ ಮಣ್ಣು ಸುರಿದರೆ ಮುಂದಿನ ಆಟಿಯ ಮಳೆಗೆ ಅದೂ ಕೊಚ್ಚಿಹೋಗಿ ಮೇಲಿನ ನೆಲ ಕುಸಿಯಬಹುದು. ಗುಡ್ಡೆಯ ಮೇಲಿಂದ ಬರುವ ನೀರನ್ನು ಮೊದಲು ತೋಡು ಕಡಿದು ಬೇರೆ ಕಡೆಗೆ ತಿರುಗಿಸಬೇಕು.

ಯಾವುದರೊಳಗೂ ನುಗ್ಗುವ ಉತ್ಸಾಹ ಬೇಡ, ಗಾಳಿಯಾಡದೆ ಉಸಿರುಗಟ್ಟೀತು. ಕೋರೆ ತುಂಬಲು ಅನುಮತಿ ಕೊಡುವ ಮೊದಲು ಪಂಚಾಯತಿನವರು ಒಮ್ಮೆ ಹೊಂಡಕ್ಕೆ ಇಳಿದು ಗೋಡೆಗಳನ್ನು ನೋಡಿ ಬರಲಿ. ಅದನ್ನು ಬೇಸಗೆಯಲ್ಲೇ ಮಾಡಬೇಕು, ಮಳೆಗಾಲದಲ್ಲಿ ಹೊಂಡದ ತುಂಬ ನೀರು.

– ಕೆಲವು ಓದುಗರು, ಬಾಯಾರು