ರಜಾ ದಿನ ಮೃಗಾಲಯಕ್ಕೆ ಬರಬೇಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಬಸ್ ಸ್ಟ್ಯಾಂಡ್ ಎದುರಿನ ನಿಮ್ಮ ಫ್ಲೆಕ್ಸ್ ನೋಡಿದೆ. ಈ ವರ್ಷವೂ ಹುಟ್ಟುಹಬ್ಬದ ಅಂಗವಾಗಿ ನಗರದ ಮೃಗಾಲಯದಲ್ಲಿ ಹುಲಿ ದತ್ತು ಸ್ವೀಕಾರ ಇಟ್ಟುಕೊಂಡಿದ್ದೀರಂತೆ. ಒಂದು ಕಡೆ ಹುಲಿ, ಇನ್ನೊಂದು ಕಡೆ ನೀವು, ಕೆಳಗೆ ಸಾಲಾಗಿ ಅಭಿಮಾನಿಗಳ ಮುಖ. ಎಲ್ಲಾ ಚೆನ್ನಾಗಿದೆ. ತಾರೀಖು ಮಾತ್ರ ಮೃಗಾಲಯದ ವಾರದ ರಜೆಯದ್ದು.

ಇದರ ಬಗ್ಗೆ ಮೂರು ಸಲ ಮನವಿ ಕೊಟ್ಟಿದ್ದೇನೆ. ಮೂರಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಸೀಲು ಬಿದ್ದಿದೆ, ಬೇರೇನೂ ಆಗಿಲ್ಲ. ಆದ್ದರಿಂದ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ರಜಾ ದಿನ ಬರಬೇಡಿ.

ನಾನು 29 ವರ್ಷ ಅಲ್ಲಿ ಪ್ರಾಣಿಪಾಲಕನಾಗಿದ್ದವನು. ವಾರಕ್ಕೊಂದು ದಿನ ಗೇಟು ಮುಚ್ಚಬೇಕು ಎಂಬ ನಿಯಮ 2009ರದ್ದು. ಶಬ್ದ ಮಾಡಿ ಪ್ರಾಣಿಗಳಿಗೆ ತೊಂದರೆ ಕೊಡಬಾರದು ಎನ್ನುವುದು ವನ್ಯಜೀವಿ ಕಾಯ್ದೆಯ 38ಜೆ. ಆರು ತಿಂಗಳವರೆಗೆ ಜೈಲು ಎಂದೂ ಅದೇ ಕಾಯ್ದೆಯಲ್ಲಿದೆ. ಶಾಸನ ಮಾಡುವ ಸಭೆಯಲ್ಲಿ ಕೂರುವವರು ನೀವು, ನಿಮಗೆ ಇದನ್ನೆಲ್ಲ ನಾನು ಹೇಳಬೇಕೆ?

ರಜೆ ಎಂದರೆ ನಮಗೇನೂ ರಜೆಯಾಗಿರಲಿಲ್ಲ. ಕಂದಕದ ಪಾಚಿ ಕೆರೆಯುವುದು, ಚಿಲಕಗಳಿಗೆ ಗ್ರೀಸ್ ಹಚ್ಚುವುದು, ಹೊಸದಾಗಿ ಬಂದ ಗಂಡು ಹೆಣ್ಣುಗಳನ್ನು ಒಂದಕ್ಕೊಂದು ತೋರಿಸಿ ಪಳಗಿಸುವುದು ಎಲ್ಲ ಅವತ್ತೇ. ಮಗಳ ನಿಶ್ಚಿತಾರ್ಥದ ದಿನ ಕೂಡ ಕರಡಿಗೆ ಔಷಧಿ ಹಾಕಿಯೇ ಛತ್ರಕ್ಕೆ ಓಡಿದ್ದೆ. ಬೀಗರು ಪಕ್ಕದಲ್ಲಿ ಕೂರಲಿಲ್ಲ, ಮೈ ಅಷ್ಟು ನಾತ. ಹೋಗಲಿ, ಅದು ನನ್ನ ಕರ್ಮ. ಪ್ರಾಣಿಗಳು ಮಾತ್ರ ಆ ದಿನವನ್ನು ಗುರುತಿಟ್ಟುಕೊಂಡಿರುತ್ತವೆ. ಜನರ ಗಲಾಟೆ ಇಲ್ಲವೆಂದು ತಿಳಿದ ಮೇಲೆ, ವಾರವಿಡೀ ಮೂಲೆ ಹಿಡಿದ ಚಿರತೆ ಕೂಡ ಎದ್ದು ಬಂದು ಬಿಸಿಲಿಗೆ ಮೈಯೊಡ್ಡುತ್ತದೆ.

ಎರಡು ವರ್ಷದ ಹಿಂದಿನ ಜನವರಿ ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮ ಹೆಣ್ಣು ತೋಳ ನಾಲ್ಕು ಮರಿ ಹಾಕಿತ್ತು. ಒಂಬತ್ತನೇ ದಿನ, ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ಬಯಲುಸೀಮೆಯಲ್ಲಿ ಕುರಿಗಾಹಿಗಳು ‘ತೋಳ ಬಂತು’ ಎಂದು ಕೂಗುವುದೇ ಅಪರೂಪವಾಗುತ್ತಿರುವ ಕಾಲದಲ್ಲಿ ನಾಲ್ಕು ಮರಿ! ಕಾಣದಿರಲಿ ಎಂದು ಜಾಲರಿಗೆ ನಾನೇ ಗೋಣಿತಾಟು ಕಟ್ಟಿದ್ದೆ. ಅವತ್ತು ಜನಜಂಗುಳಿ ಇರುವುದಿಲ್ಲವೆಂದು ರಜಾ ದಿನವನ್ನೇ ಆರಿಸಿಕೊಂಡು ನಿಮ್ಮವರು ಬಂದರು. ಜನಜಂಗುಳಿಯನ್ನು ತಾವೇ ಕರೆತಂದರು. ತಮಟೆ, ಮೈಕು, ಗೇಟಿನ ಹೊರಗೆ ಸರಪಟಾಕಿ. ‘ಅಣ್ಣ, ಸ್ವಲ್ಪ ಸೌಂಡ್ ಕಡಿಮೆ ಮಾಡಿಸಿ’ ಎಂದೆ. ‘ಯಾರ ಕಾರ್ಯಕ್ರಮ ಅಂತ ಗೊತ್ತೇನಯ್ಯಾ?’ ಎಂದ ಒಬ್ಬ. ಗೊತ್ತಿತ್ತು ಸ್ವಾಮಿ, ತೋಳಕ್ಕೆ ಗೊತ್ತಿರಲಿಲ್ಲ.

ಅದು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಈ ಮೂಲೆಯಿಂದ ಆ ಮೂಲೆಗೆ ಸುತ್ತತೊಡಗಿತು. ಇಡುತ್ತದೆ, ಮೂಸುತ್ತದೆ, ಮತ್ತೆ ಎತ್ತುತ್ತದೆ. ಮರಿಯ ಕುತ್ತಿಗೆ ಜೊಲ್ಲಿನಿಂದ ತೊಯ್ದು ಕೂದಲು ಅಂಟಿಕೊಂಡಿತ್ತು. ನೀವು ‘ಮೂಕಪ್ರಾಣಿಗಳ ಸೇವೆಯೇ’ ಎಂದು ಭಾಷಣ ಶುರು ಮಾಡಿದಾಗಲೂ ಸುತ್ತುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಲೆಕ್ಕ ಹಾಕಿದರೆ ಎರಡೇ ಮರಿ. ಹೆದರಿದ ತಾಯಿ ಏನು ಮಾಡುತ್ತದೆ ಎಂದು ಬಿಡಿಸಿ ಬರೆಯಲಾರೆ. ರಿಜಿಸ್ಟರಿನಲ್ಲಿ ‘ಸಹಜ ಸಾವು’ ಎಂದು ಬರೆದರು. ಕೆಳಗೆ ಸಹಿ ಹಾಕಿದವನು ನಾನೇ. ಪೆನ್ಷನ್ ಭಯ. ಅದಕ್ಕೂ ಈ ಪತ್ರಕ್ಕೂ ಸಂಬಂಧವಿದೆ ಎಂದರೆ ಇಲ್ಲವೆನ್ನುವುದಿಲ್ಲ.

ಮೈಸೂರಿನಲ್ಲಿ 1892ರಲ್ಲಿ ಹತ್ತನೇ ಚಾಮರಾಜ ಒಡೆಯರು ಮೃಗಾಲಯ ಕಟ್ಟಿಸಿದಾಗ ಅದು ಅರಮನೆಯ ಹೆಮ್ಮೆ. ರಾಜರು ಬಂದಾಗ ಕಹಳೆ ಊದಿದ್ದರೂ ಒಪ್ಪಬಹುದಿತ್ತೇನೋ. ಈಗ ಮೃಗಾಲಯದ ಕೆಲಸವೇ ಬೇರೆ. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಅಳಿವಿನಂಚಿನ ಪ್ರಾಣಿಗಳ ಸಂತಾನ ಉಳಿಸುವುದೂ ನಮ್ಮ ಜವಾಬ್ದಾರಿಯಾಯಿತು. ಮಣಿಪುರದ ಸಂಗಾಯ್ ಜಿಂಕೆ 1975ರ ಎಣಿಕೆಯಲ್ಲಿ ಕಾಡಿನಲ್ಲಿ ಸಿಕ್ಕಿದ್ದು ಬರೀ 14. ಅಂಥ ಪ್ರಾಣಿಯ ವಂಶ ಮೃಗಾಲಯಗಳಲ್ಲೂ ಬೆಳೆಯುತ್ತಿದೆ ಎಂದರೆ ಯಾವನೋ ಒಬ್ಬ ಕೀಪರ್ ಉಸಿರು ಬಿಗಿಹಿಡಿದು ಬಾಗಿಲ ಹೊರಗೆ ಕೂತಿದ್ದಾನೆ ಎಂದೇ ಅರ್ಥ. ತಮಟೆ ಬಡಿಯುವ ಜಾಗವಲ್ಲ ಅದು.

ದತ್ತು ತೆಗೆದುಕೊಳ್ಳಬೇಡಿ ಎನ್ನುತ್ತಿಲ್ಲ. 2020ರಲ್ಲಿ ಗೇಟು ಮುಚ್ಚಿ ಟಿಕೆಟ್ ದುಡ್ಡು ನಿಂತಾಗ ದೇಣಿಗೆ, ದತ್ತು ಹಣದ ಬೆಲೆ ಏನೆಂದು ಕಂಡಿದ್ದೇವೆ. ಕಟ್ಟಿ, ಧಾರಾಳವಾಗಿ ಕಟ್ಟಿ. ಹಣವನ್ನು ಕಚೇರಿಯಲ್ಲೇ ಕಟ್ಟಬಹುದು, ಅದಕ್ಕೆ ಮೈಕ್ ಬೇಕಿಲ್ಲ. ಹುಲಿಯ ಜೊತೆ ಫೋಟೋ ಬೇಕೇ ಬೇಕೆಂದರೆ ಉಳಿದ ಆರು ದಿನಗಳಲ್ಲಿ ಯಾವಾಗಲಾದರೂ ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಬನ್ನಿ. ರಜಾ ದಿನ ಬೇಡ. ತಮಟೆ, ಪಟಾಕಿ ಯಾವ ದಿನವೂ ಬೇಡ.

ಮೊನ್ನೆ ರಾತ್ರಿ ಈಗಿನ ಕೀಪರ್ ಹುಡುಗ ಫೋನ್ ಮಾಡಿದ್ದ. ಅದೇ ತೋಳ ಮತ್ತೆ ಗಬ್ಬವಾಗಿದೆ, ಎರಡು ದಿನದಿಂದ ಮೂಲೆಯಲ್ಲಿ ಮಣ್ಣು ಕೆದರುತ್ತಿದೆಯಂತೆ. ‘ಗೋಣಿತಾಟು ಎಲ್ಲಿಟ್ಟಿದ್ರಿ ಸಾರ್?’ ಎಂದು ಕೇಳಿದ. ಹೇಳಿದ್ದೇನೆ.

ಕಾರ್ಯಕ್ರಮದ ತಾರೀಖು ಬದಲಾಯಿಸಿ.

ಇತಿ,
ನಿವೃತ್ತ ಪ್ರಾಣಿಪಾಲಕ,
ನಿಮ್ಮದೇ ಕ್ಷೇತ್ರದ ಮತದಾರ